ತಾಯಿಯ ಓದು, ಮಗುವಿನ ಆಯುಸ್ಸು

ಮಕ್ಕಳನ್ನು ಹರಸುವಾಗ ನಮ್ಮ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು ‘ದೀರ್ಘಾಯುವಾಗು’ ಎಂಬುದು. ಆದರೆ ಆ ಆಯುಸ್ಸಿನ ಒಂದು ಪಾಲು ಹೆತ್ತವರು, ಅದರಲ್ಲಿಯೂ ತಾಯಿ, ಶಾಲೆಯಲ್ಲಿ ಕಳೆದ ವರ್ಷಗಳನ್ನು ಅವಲಂಬಿಸಿರುವುದೆಂಬ ಸಂಗತಿಯನ್ನು ಗಮನಕ್ಕೆ ತಂದುಕೊಂಡವರು ವಿರಳ.

ಇದು ಊಹೆಯ ಮಾತಲ್ಲ. ಅನೇಕ ದೇಶಗಳ ಅಂಕಿಗಳನ್ನು ಕೂಡಿಸಿ ವಿದ್ವಾಂಸರು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಾಯಿಯು 12 ವರ್ಷ ಓದಿದ್ದರೆ ಮಗುವು 5 ವರ್ಷ ತುಂಬುವುದರೊಳಗೆ ಮೃತಿಹೊಂದುವ ಸಂಭವವು, ಏನೂ ಓದದ ತಾಯಿಯ ಮಗುವಿಗಿಂತ ನೂರಕ್ಕೆ 31ರಷ್ಟು ಕಡಿಮೆ. ತಂದೆಯು ಅಷ್ಟು ಓದಿದ್ದರೆ ತಗ್ಗುವುದು ನೂರಕ್ಕೆ 17 ಮಾತ್ರ. ಓದಿದವರು ಹಣವುಳ್ಳವರು, ಆದುದರಿಂದ ಅವರ ಮಕ್ಕಳು ಬದುಕುವರು ಎಂದು ಕೆಲವರು ಆಕ್ಷೇಪಿಸಬಹುದು. ಮನೆಯ ಸ್ಥಿತಿಗತಿಯ ಅಂತರವನ್ನು ಕಳೆದ ಮೇಲೆಯೂ ಉಳಿದ ಲೆಕ್ಕವಿದು.

ಅಕ್ಷರವು ಪ್ರಾಣವನ್ನು ಕಾಯುವ ಬಗೆ ಹೇಗೆ? ನೈಜೀರಿಯ ದೇಶದ ಅಂಕಿಗಳಿಂದ 1979ರಲ್ಲಿ ಇದೇ ತತ್ತ್ವವನ್ನು ಸ್ಥಾಪಿಸಿದ ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ಲರು, ತರುವಾಯ ಪಿ. ಎಚ್. ರೆಡ್ಡಿಯವರೊಡನೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿಯೇ ವಿಚಾರಣೆ ನಡೆಸಿದರು. ಓದಿದ ಸೊಸೆಯು ಮಗುವಿನ ಕಾಯಿಲೆಯನ್ನು ಬೇಗನೆ ಗುರುತಿಸಿ ಬಾಯಿಬಿಟ್ಟು ಹೇಳುವಳು. ಹಿರಿಯರೂ ಆಕೆಯ ಮಾತಿಗೆ ಬೆಲೆಗೊಡುವರು. ಔಷಧದಿಂದ ಗುಣ ಕಾಣದಿದ್ದರೆ ಸಂಕೋಚಪಡದೆ ವೈದ್ಯರಲ್ಲಿಗೆ ಮರಳಿ ಹೋಗುವಳು. ಓದದ ತಾಯಿಗೆ ಮಮತೆ ಕಡಿಮೆಯೆಂದಲ್ಲ. ಆಕೆಗೆ ಧೈರ್ಯವನ್ನೂ ಅಧಿಕಾರವನ್ನೂ ಕೊಟ್ಟವರಿಲ್ಲ. ಭೇದಿಯಾದ ಮಗುವಿಗೆ ನೀರನ್ನು ನಿಲ್ಲಿಸುವ ರೂಢಿಯೊಂದುಂಟು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬೇಕೆಂದು ತಿಳಿದು, ಆ ರೂಢಿಗೆ ಎದುರಾಗಿ ನಿಲ್ಲಬಲ್ಲ ತಾಯಿಯು ಮಗುವನ್ನು ಉಳಿಸಿಕೊಳ್ಳುವಳು.

ನೆರೆಯ ಕೇರಳವನ್ನು ನೋಡಿರಿ. 2020ರ ಸರ್ಕಾರಿ ಗಣನೆಯಂತೆ, ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಅಳಿದವು ಅಲ್ಲಿ 6, ನಮ್ಮಲ್ಲಿ 19. ಅಲ್ಲಿನ ಆಸ್ಪತ್ರೆಗಳ ಪಾಲೂ ಇದರಲ್ಲಿ ಉಂಟು; ಆದರೆ ಆಸ್ಪತ್ರೆಯ ಬಾಗಿಲಿಗೆ ಮಗುವನ್ನು ಹೊತ್ತು ತರುವವಳು ಬಹುಕಾಲದಿಂದ ಶಾಲೆ ಕಂಡ ತಾಯಿಯಷ್ಟೆ.

‘ಪರರ ಮನೆಗೆ ಹೋಗುವವಳಿಗೆ ಹೆಚ್ಚಿನ ಓದೇಕೆ?’ ಎಂಬ ಮಾತು ನಮ್ಮಲ್ಲಿ ಇನ್ನೂ ಅಡಗಿಲ್ಲ. ಹಾಗೆನ್ನುವ ಮಹನೀಯರು ಬಿಡಿಸುತ್ತಿರುವುದು ಮಗಳ ಪಾಠವನ್ನು ಮಾತ್ರವಲ್ಲ, ಮೊಮ್ಮಕ್ಕಳ ರಕ್ಷೆಯನ್ನು. ಹಳ್ಳಿಯ ಹುಡುಗಿಗೆ ಪ್ರೌಢಶಾಲೆಯು ಎಟುಕುವಂತೆ ಮಾಡುವ ವೆಚ್ಚವನ್ನು ಅಧಿಕಾರಿಗಳು ಆರೋಗ್ಯದ ಲೆಕ್ಕದಲ್ಲಿಯೂ ಬರೆದುಕೊಳ್ಳಲಿ. ದೀರ್ಘಾಯುವಾಗೆಂದು ಹರಸುವ ಕೈಯೇ ಮಗಳನ್ನು ಶಾಲೆಗೆ ಕಳುಹಿಸಲಿ.