ಬಾಟಲಿಯ ಮುಚ್ಚಳ ಬಿಚ್ಚಿ ನೋಡಿದ್ದೀರಾ?

ಮಾಕಳಿದುರ್ಗದ ಬೆಟ್ಟ ಹತ್ತುವವರ ಬೆನ್ನಚೀಲದಲ್ಲೂ ನೀರಿನ ಬಾಟಲಿ, ಶಾಲೆಗೆ, ಮದ್ರಸಕ್ಕೆ ಹೊರಟ ನಿಮ್ಮ ಮಕ್ಕಳ ಚೀಲದಲ್ಲೂ ಅದೇ. ಒಳಗಿರುವುದು ಶುದ್ಧ ನೀರಿನ ಘಟಕದ ನೀರು, ಅದನ್ನು ತೊಳೆಯುವುದೇನಿದೆ ಎಂದು ನಿಮಗನಿಸಬಹುದು. ತೊಂದರೆ ಇರುವುದೇ ಅಲ್ಲಿ. ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ. ಹಾಗಾಗಿ ಬಾಯಿಂದ, ಕೈಯಿಂದ ಆಮೇಲೆ ಸೇರುವ ರೋಗಾಣುಗಳನ್ನು ಅದು ತಡೆಯಲಾರದು. ತೊಳೆಯದ ಕೈಯಲ್ಲಿ ಮುಚ್ಚಳ ಮುಟ್ಟಿದರೆ ವಾಂತಿ-ಭೇದಿಯ ರೋಗಾಣುವೂ ಒಳಸೇರಬಹುದು.

ರೋಗಾಣುಗಳು ಬಾಟಲಿಯ ಒಳಮೈಗೆ ಅಂಟಿ ಲೋಳೆಯಂಥ ಪದರ ಕಟ್ಟುತ್ತವೆ. ಬೆರಳಾಡಿಸಿದರೆ ಜಾರುತ್ತದಲ್ಲ, ಅದೇ. ನೀರು ಕುಲುಕಿ ಚೆಲ್ಲಿದರೆ ಅದು ಹೋಗದು. ದಿನವೂ ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು.

ಮುಚ್ಚಳವನ್ನು ಮರೆಯುವವರೇ ಹೆಚ್ಚು. ರಬ್ಬರ್ ವಾಷರ್ ಬಿಡಿಸಿ ನೋಡಿ, ಕಪ್ಪು ಬೂಷ್ಟು ಕಂಡೀತು. ಸ್ಟ್ರಾ ಇರುವ ಬಾಟಲಿ ತೊಳೆಯುವುದಂತೂ ತ್ರಾಸ. ಮಕ್ಕಳಿಗೆ ಅಗಲ ಬಾಯಿಯ ಸ್ಟೀಲ್ ಬಾಟಲಿಯೇ ವಾಸಿ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನಿಂಬೆರಸ ಬೆರೆಸಿದ ನೀರು ತುಂಬಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹಾಲು, ಶರಬತ್ತು ಹಾಕಿದ್ದರೆ ಮನೆಗೆ ಬಂದ ಕೂಡಲೇ ತೊಳೆಯಿರಿ. ಒಳಗೆ ಗೀರು ಬಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಬದಲಿಸಿ. ತೊಳೆದ ಮೇಲೆ ಮುಚ್ಚಳ ಹಾಕದೆ, ರಾತ್ರಿಯಿಡೀ ಬೋರಲಿಟ್ಟು ಪೂರ್ತಿ ಒಣಗಲು ಬಿಡಿ.