ಸದ್ದು ಬೇರೆ, ಸತ್ತ್ವ ಬೇರೆ: ಮೋಟಾರು ಸೈಕಲ್ಲಿನ ಶಕ್ತಿಯನ್ನು ಅಳೆಯುವ ಬಗೆ

ಕಳೆದ ಬೇಸಗೆಯ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಮೋಟಾರು ಸೈಕಲ್ಲನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದನು. ಅವನಿಗಿಂತ ಮೊದಲೇ ಅದರ ಸದ್ದು ಬಂದಿತ್ತು. ಬಾನುಲಿಯ ವಾರ್ತೆ ಕೇಳುತ್ತ ಕುಳಿತಿದ್ದ ನಮಗೆ ಅದರಲ್ಲಿ ಅರ್ಧ ತಪ್ಪಿಹೋಯಿತು.

“ಹೊಸ ಸೈಲೆನ್ಸರು, ಹೊಸ ಕಾರ್ಬುರೇಟರು ಹಾಕಿಸಿದ್ದೀನಿ ಸಾರ್. ಹದಿನೆಂಟು ಸಾವಿರ ಆಯಿತು. ನಾಲ್ಕು ಕುದುರೆ ಹೆಚ್ಚಾಗಿದೆ” ಎಂದನು.

“ಎಣಿಸಿದವರು ಯಾರಪ್ಪ?” ಎಂದೆ.

“ಕೂತರೇ ಗೊತ್ತಾಗುತ್ತೆ ಸಾರ್” ಎಂದು ನಕ್ಕನು. ಆ ಹಣ ತಂಗಿಯ ಕಾಲೇಜಿನ ಶುಲ್ಕಕ್ಕೆಂದು ಚೀಟಿ ಕಟ್ಟಿ ಕೂಡಿಸಿದ್ದೆಂಬುದು ಆಮೇಲೆ ತಿಳಿಯಿತು.

ವಾಚಕರೇ, ನಾನು ಕನ್ನಡ ಪಂಡಿತನು, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೆ ಪದ್ಯವೊಂದು ಕಿವಿಗೆ ಇಂಪಾಗಿದೆಯೆಂದ ಮಾತ್ರಕ್ಕೆ ಅದರ ಛಂದಸ್ಸು ಸರಿಯಾಗಿದೆಯೆಂದು ನಾವು ಒಪ್ಪುವುದಿಲ್ಲ. ಲಘು ಗುರುಗಳನ್ನು ಗುರುತಿಸಿ, ಪ್ರಸ್ತಾರ ಹಾಕಿ ನೋಡುತ್ತೇವೆ. ಎಂಜಿನಿಗೂ ಪ್ರಸ್ತಾರ ಹಾಕುವ ಕ್ರಮವಿದೆ. ನಮ್ಮ ಶಾಲೆಯ ಭೌತವಿಜ್ಞಾನದ ಮೇಷ್ಟರ ನೆರವಿನಿಂದ ಅದನ್ನು ನಾನು ಕಲಿತೆ. 1961ರಿಂದ ಜಾವಾ ವಾಹನಗಳನ್ನೂ ಅನಂತರ 1996ರ ವರೆಗೆ ಯೆಜ್ಡಿಗಳನ್ನೂ ತಯಾರಿಸಿದ ಮೈಸೂರು ನಮ್ಮ ನಾಡಿನದೇ ಆಗಿರುವಾಗ, ಈ ವಿದ್ಯೆ ನಮಗೆ ತೀರ ಪರಕೀಯವೇನೂ ಅಲ್ಲ.

ಮೊದಲು ಅಶ್ವಶಕ್ತಿಯೆಂದರೇನು? ಸುಮಾರು 76 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಸಾಮರ್ಥ್ಯ ಒಂದು ಅಶ್ವಶಕ್ತಿ. ಅದು 746 ವಾಟಿಗೆ ಸಮ. ಜೇಮ್ಸ್ ವಾಟನು ತನ್ನ ಉಗಿಯಂತ್ರವನ್ನು ಕುದುರೆಯ ದುಡಿಮೆಯೊಡನೆ ಹೋಲಿಸಲು ಈ ಮಾನವನ್ನು ಬಳಕೆಗೆ ತಂದನು. ತಿರುಗುವ ಯಂತ್ರದಲ್ಲಿ ಎರಡು ಸಂಗತಿಗಳನ್ನು ಅಳೆಯಬೇಕು: ದಂಡವು ಎಷ್ಟು ಬಲದಿಂದ ತಿರುಚುತ್ತದೆ, ಮತ್ತು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ. ಮೆಕ್ಯಾನಿಕರು ಮೊದಲನೆಯದನ್ನು ಟಾರ್ಕ್ ಎನ್ನುತ್ತಾರೆ. ಇವೆರಡರ ಗುಣಲಬ್ಧದಿಂದ ಶಕ್ತಿ ದೊರೆಯುತ್ತದೆ. ಫ್ರಾನ್ಸಿನ ಪ್ರೋನಿ ಎಂಬ ಎಂಜಿನಿಯರನು 1821ರಲ್ಲಿ ತಿರುಗುವ ದಂಡಕ್ಕೆ ಮರದ ಬ್ರೇಕನ್ನು ಬಿಗಿದು, ಅದಕ್ಕೆ ಸನ್ನೆ ಜೋಡಿಸಿ, ತುದಿಯಲ್ಲಿ ತೂಕವಿಟ್ಟು ತಿರುಚುವ ಬಲವನ್ನು ಅಳೆದನು. ಇಂದಿನ ಡೈನಮೊಮೀಟರು ಆ ಯುಕ್ತಿಯ ಸಂತಾನವೇ. ಈಗಿನ ಒಂದು ಬಗೆಯಲ್ಲಿ ವಾಹನದ ಹಿಂದಿನ ಚಕ್ರವನ್ನು ಭಾರವಾದ ಉರುಳೆಯ ಮೇಲೆ ನಿಲ್ಲಿಸುತ್ತಾರೆ. ಉರುಳೆ ಎಷ್ಟು ಬೇಗ ವೇಗ ಪಡೆಯಿತೆಂಬುದರಿಂದ ಚಕ್ರಕ್ಕೆ ತಲುಪಿದ ಶಕ್ತಿ ತಿಳಿಯುತ್ತದೆ. ಸರಪಣಿಯಲ್ಲಿಯೂ ಟೈರಿನಲ್ಲಿಯೂ ಸ್ವಲ್ಪ ನಷ್ಟವಾಗುವುದರಿಂದ, ಇದು ಎಂಜಿನಿನ ದಂಡದಲ್ಲಿ ಅಳೆದ ಅಂಕಿಗಿಂತ ಕಡಿಮೆಯೇ ಇರುತ್ತದೆ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಯದರೊಡನೆ ಹೋಲಿಸಬಾರದು.

ಗಾಳಿಯ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಕಡಿಮೆ. ಮಂಗಳೂರಿನಲ್ಲಿ 10 ಅಶ್ವಶಕ್ತಿ ಕೊಟ್ಟ ಎಂಜಿನು, ಯಾರೂ ಮುಟ್ಟದಿದ್ದರೂ, ಬೆಂಗಳೂರಿನಲ್ಲಿ ಸುಮಾರು 9 ಕೊಟ್ಟೀತು. 35 ಡಿಗ್ರಿಯ ಮಧ್ಯಾಹ್ನದ ಗಾಳಿ 20 ಡಿಗ್ರಿಯ ಮುಂಜಾನೆಯ ಗಾಳಿಗಿಂತ ನೂರಕ್ಕೆ ಐದರಷ್ಟು ತೆಳುವಾಗಿರುತ್ತದೆ. ಮಧ್ಯಾಹ್ನ ಬಿಟ್ಟ ವಾಹನವನ್ನು ರಿಪೇರಿಯಾದ ಮೇಲೆ ಮುಂಜಾನೆ ಓಡಿಸಿ, “ಆಹಾ, ಎಷ್ಟು ಚುರುಕು!” ಎನ್ನುವವನು ಮೆಕ್ಯಾನಿಕನನ್ನು ಹೊಗಳುತ್ತಿದ್ದಾನೆಯೋ ಮುಂಜಾನೆಯನ್ನು ಹೊಗಳುತ್ತಿದ್ದಾನೆಯೋ?

ಯಂತ್ರದ ಸೌಕರ್ಯವಿಲ್ಲದವರಿಗೂ ಉಪಾಯವಿದೆ. ಒಂದೇ ಗೇರಿನಲ್ಲಿ ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯಿರಿ. ರಸ್ತೆ, ಸವಾರ, ಹೊತ್ತು ಒಂದೇ ಇರಲಿ; ಟೈರಿನ ಗಾಳಿಯೂ ಟ್ಯಾಂಕಿನ ಪೆಟ್ರೋಲೂ ಅಷ್ಟೇ ಇರಲಿ. ಗಾಳಿಯ ಬೀಸು ಮತ್ತು ರಸ್ತೆಯ ಇಳುಕಲು ಪರಸ್ಪರ ಕಳೆದುಹೋಗಲೆಂದು ಹೋಗುತ್ತ ಮೂರು ಸಲ, ಬರುತ್ತ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಸವಾರನೂ ವಾಹನವೂ ಕೂಡಿ 200 ಕಿಲೋಗ್ರಾಂ ಇದ್ದರೆ, ಈ ಏರಿಕೆಗೆ ಬೇಕಾದ ಚಲನಶಕ್ತಿ ಸುಮಾರು 20,800 ಜೂಲು. 8 ಸೆಕೆಂಡಿನಲ್ಲಿ ಏರಿದರೆ ಸೆಕೆಂಡಿಗೆ 2,600, ಅಂದರೆ ಸುಮಾರು ಮೂರೂವರೆ ಅಶ್ವಶಕ್ತಿ ವೇಗವರ್ಧನೆಗೆ ಒದಗಿತು. ಎದುರುಗಾಳಿಗೆ ತೆತ್ತದ್ದು ಬೇರೆ.

ಶಿಷ್ಯನನ್ನು ಕರೆದುಕೊಂಡು, ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ ಮುಂಜಾನೆ ಹೀಗೆಯೇ ಮಾಡಿದೆವು. ಹೊಸ ಸಾಮಾನುಗಳೊಡನೆ ಸರಾಸರಿ 8.1 ಸೆಕೆಂಡು, ಆರು ಓಟಗಳು 7.8ರಿಂದ 8.5ರ ವರೆಗೆ ಚದುರಿದ್ದವು. ಮರುದಿನ ಹಳೆಯ ಸೈಲೆನ್ಸರು ಮತ್ತು ಕಾರ್ಬುರೇಟರನ್ನು ಮತ್ತೆ ಜೋಡಿಸಿ ನೋಡಿದರೆ 8.0! ಹುಡುಗನ ಮುಖ ಸಪ್ಪಗಾಯಿತು. ಓಟ ಓಟಕ್ಕೇ ಇಷ್ಟು ಹೆಚ್ಚುಕಡಿಮೆ ಇರುವಾಗ 0.1 ಸೆಕೆಂಡನ್ನು ವ್ಯತ್ಯಾಸವೆಂದು ಎಣಿಸುವಂತಿಲ್ಲ. “ಆದರೆ ಗಾಡಿ ಮೊದಲಿಗಿಂತ ಚುರುಕಾಗಿದ್ದು ಸುಳ್ಳಲ್ಲ ಸಾರ್” ಎಂದನು. ಅದೂ ನಿಜವೇ. ಸಾಮಾನು ಬದಲಿಸುವಾಗ ಮೆಕ್ಯಾನಿಕನು ಧೂಳು ಹಿಡಿದ ಏರ್ ಫಿಲ್ಟರನ್ನೂ ತೆಗೆದು ಹೊಸದು ಹಾಕಿದ್ದನು. ಟೈರಿಗೆ ಗಾಳಿಯನ್ನೂ ತುಂಬಿದ್ದನು. ಹಳೆಯ ಫಿಲ್ಟರು ಮನೆಯಲ್ಲೇ ಬಿದ್ದಿತ್ತು. ಮೂರನೆಯ ದಿನ ಅದೊಂದನ್ನೇ ಹಾಕಿ ನೋಡಿದೆವು: 8.9 ಸೆಕೆಂಡು. ನಾಲ್ಕು ಕುದುರೆಗಳಲ್ಲಿ ನಿಜವಾಗಿ ಬಂದದ್ದು ಒಂದು ಕುದುರೆಯ ಮೂರನೆಯ ಒಂದು ಪಾಲು; ಅದೂ ಕೆಲವು ನೂರು ರೂಪಾಯಿಯ ಫಿಲ್ಟರಿನಿಂದ.

ಹಾಗೆಂದು ಎಂಜಿನಿನ ಸುಧಾರಣೆಯೇ ಮಿಥ್ಯೆಯೆಂದು ತಿಳಿಯಬೇಡಿರಿ. ಪೂರ್ವ ಜರ್ಮನಿಯ ಎಂ. ಜ಼ೆಡ್. ಸಂಸ್ಥೆಯ ವಾಲ್ಟರ್ ಕಾಡೆನ್ ಎಂಬಾತನು, ಹೊಗೆಕೊಳವೆಯೊಳಗೆ ಹಿಂದುಮುಂದಾಗಿ ಚಲಿಸುವ ಒತ್ತಡದ ಅಲೆಗಳನ್ನು ದುಡಿಸಿಕೊಂಡು, 125 ಸಿ.ಸಿ.ಯ ಎರಡು ಹೊಡೆತದ ಎಂಜಿನಿನಿಂದ 1961ರ ಹೊತ್ತಿಗೆ ಸುಮಾರು 25 ಅಶ್ವಶಕ್ತಿ ಪಡೆದನು. ಅಂಥ ಎಂಜಿನಿನಲ್ಲಿ ಕೊಳವೆಯ ಉದ್ದ, ಅಗಲ, ಇಳಿಜಾರುಗಳಿಗೆಲ್ಲ ಲೆಕ್ಕವುಂಟು. ಲೆಕ್ಕವಿಲ್ಲದೆ ಕೊಳವೆ ಬದಲಿಸಿದರೆ ಇದ್ದ ಶಕ್ತಿಯೂ ಸೋರಿಹೋದೀತು.

ಇನ್ನೊಂದು ಮಾತು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ನಿಮ್ಮ ಮನೆಯ ಹುಡುಗನು ಇಂಥ ಕೆಲಸಕ್ಕೆ ಹಣ ಕೇಳಿದರೆ ಗದರಿಸಬೇಡಿರಿ. ಮೊದಲು ಫಿಲ್ಟರು, ಟೈರು, ಸರಪಣಿಗಳನ್ನು ನೋಡಿಕೊಂಡು, ಈಗಿನ ವೇಗವನ್ನು ಅಳೆದು ಬರೆದಿಡಲು ಹೇಳಿರಿ. ಬದಲಾವಣೆಗೆ ಮುಂಚಿನ ಅಂಕಿಯಿಲ್ಲದಿದ್ದರೆ ಬದಲಾದ ಮೇಲಿನ ಅಂಕಿಗೆ ಅರ್ಥವಿಲ್ಲ.

ನನ್ನ ಶಿಷ್ಯನು ಹೊಸ ಸಾಮಾನುಗಳನ್ನು ಅರ್ಧ ಬೆಲೆಗೆ ಮಾರಿ, ಬಂದ ಹಣವನ್ನು ತಂಗಿಯ ಕೈಗಿತ್ತನು. ಉಳಿದರ್ಧವನ್ನು ತಿಂಗಳು ತಿಂಗಳು ತೀರಿಸುತ್ತಿದ್ದಾನೆ. ಈಗ ಅವನು ಬಂದದ್ದು ನಮಗೆ ತಿಳಿಯುವುದು ಬಾಗಿಲು ತಟ್ಟಿದಾಗಲೇ. ವಾರ್ತೆಯೂ ಪೂರ್ತಿ ಕೇಳಿಸುತ್ತದೆ.