ಮಾತಿಗೆ ಮುಂಚಿನ ಸನ್ನೆ

ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದರೆ, ಮನೆಯ ಹಿರಿಯರು “ಅವರಪ್ಪನೂ ತಡವಾಗಿಯೇ ಮಾತಾಡಿದ” ಎಂದು ಸಮಾಧಾನ ಹೇಳುವುದುಂಟು. ಈ ಸಮಾಧಾನ ಹಲವೊಮ್ಮೆ ನಿಜವೂ ಆಗುತ್ತದೆ. ಆದರೆ ಯಾವ ಮಗುವಿನ ವಿಷಯದಲ್ಲಿ ನಿಜವಾದೀತು ಎಂಬುದೇ ಪ್ರಶ್ನೆ. ಉತ್ತರದ ಒಂದು ಎಳೆಯನ್ನು ವಿದ್ವಾಂಸರು ಮಗುವಿನ ಕೈಗಳಲ್ಲಿ ಕಂಡಿದ್ದಾರೆ.

ಎರಡು ವರ್ಷಕ್ಕೆ 50 ಶಬ್ದಗಳನ್ನಾದರೂ ಆಡದ, ಇಲ್ಲವೆ ಎರಡು ಶಬ್ದಗಳನ್ನು ಕೂಡಿಸದ ಮಗುವನ್ನು ತಡಮಾತಿನ ಮಗುವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅಮೆರಿಕದ ಡೋನಾ ಥಾಲ್ ಮತ್ತು ಅವರ ಸಂಗಡಿಗರು, ಶಬ್ದಸಂಪತ್ತಿಯಲ್ಲಿ ತೀರ ಹಿಂದುಳಿದ 10 ಮಕ್ಕಳನ್ನು ಒಂದು ವರ್ಷದ ತರುವಾಯ ಮತ್ತೆ ಪರೀಕ್ಷಿಸಿ 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 6 ಮಕ್ಕಳು ಓರಗೆಯವರನ್ನು ಸೇರಿಕೊಂಡಿದ್ದರು. 4 ಮಕ್ಕಳು ಹಿಂದೆಯೇ ಉಳಿದಿದ್ದರು. ಮೊದಲ ಪರೀಕ್ಷೆಯಲ್ಲಿ ಮಾತಿನ ಬಡತನ ಎಲ್ಲರಲ್ಲಿಯೂ ಇದ್ದಿತು; ಭೇದ ಕಂಡದ್ದು ಪರರ ಮಾತನ್ನು ಗ್ರಹಿಸುವುದರಲ್ಲಿ ಮತ್ತು ಸನ್ನೆಯಲ್ಲಿ. ಹತ್ತು ಮಕ್ಕಳ ಲೆಕ್ಕ ಸಣ್ಣದು. ಅದರಿಂದ ಯಾವುದೊಂದು ಮಗುವಿನ ಭವಿಷ್ಯವನ್ನೂ ನುಡಿಯಲಾಗದು.

ಸನ್ನೆಗಳೆಲ್ಲ ಒಂದೇ ತೂಕದವಲ್ಲ. ಅಜ್ಜಿ ಹೇಳಿದಾಗ ತಾರಮ್ಮಯ್ಯ ಆಡುವುದು ಬಹುಮಟ್ಟಿಗೆ ಅನುಕರಣ. ಕಿಟಕಿಯ ಕಾಗೆಯತ್ತ ಬೆರಳು ಮಾಡಿ, ಒಡನೆಯೇ ತಾಯಿಯ ಮುಖ ನೋಡುವುದು ಬೇರೆಯ ಬಗೆ: ತಾನು ಕಂಡುದನ್ನು ಇನ್ನೊಬ್ಬರೂ ಕಾಣಲಿ ಎಂಬ ಬಯಕೆ ಅಲ್ಲಿದೆ. ಭಾಷೆಯ ಬೇರು ಇದೇ ಬಯಕೆಯಲ್ಲವೆ?

ಸಹಜವಾಗಿ ಬೆಳೆಯುವ ಮಕ್ಕಳಲ್ಲಿಯೂ ಸನ್ನೆಯೇ ಮುಂದೆ ನಡೆಯುತ್ತದೆ. ಚಪ್ಪಲಿಯನ್ನು ತೋರಿಸಿ “ಅಪ್ಪ” ಎನ್ನುವ ಕೂಸು, ಅಪ್ಪನ ಚಪ್ಪಲಿ ಎಂಬ ಅರ್ಥವನ್ನು ಅರ್ಧ ಕೈಯಿಂದ, ಅರ್ಧ ಬಾಯಿಂದ ಹೇಳಿಬಿಟ್ಟಿದೆ. ಇಂಥ ಜೋಡಣೆ ಬೇಗ ಬಂದ ಮಕ್ಕಳಲ್ಲಿ ಎರಡು ಶಬ್ದಗಳ ನುಡಿಯೂ ಬೇಗ ಬರುವುದೆಂದು ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 2005ರಲ್ಲಿ ತೋರಿಸಿದರು. ಆದುದರಿಂದ, ಸನ್ನೆಗೆ ಓಗೊಟ್ಟರೆ ಮಗು ಮಾತಿಗೆ ಸೋಮಾರಿಯಾಗುವುದೆಂಬ ಭಯ ಸಲ್ಲದು. ಬೆರಳು ಹೋದ ಕಡೆ ಹೆಸರನ್ನು ಇಡುವುದು ಲೇಸು: “ಹೌದು, ಅಪ್ಪನ ಚಪ್ಪಲಿ.”

ಹೊರನಾಡಿನ ಮನೆಗಳಲ್ಲಿ ತಪ್ಪು ಬಹುಬೇಗ ಕನ್ನಡದ ತಲೆಗೆ ಬರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ಹಿಂದಿಯೋ ಆದುದರಿಂದ ಮಗು ತಬ್ಬಿಬ್ಬಾಯಿತೆಂದು ತಾಯ್ನುಡಿಯನ್ನೇ ಬಿಡುವವರಿದ್ದಾರೆ. ಎರಡು ಭಾಷೆಗಳು ಈ ತೊಡಕನ್ನು ಹುಟ್ಟಿಸುವುದಿಲ್ಲ. ಶಬ್ದಗಳನ್ನು ಎಣಿಸುವಾಗ ಎರಡೂ ಭಾಷೆಗಳವನ್ನು ಕೂಡಿಸಬೇಕು. ಮಾತೂ ಇಲ್ಲ, ಸನ್ನೆಯೂ ಇಲ್ಲ, ಹೇಳಿದ್ದೂ ತಿಳಿಯದು ಎಂದಾದರೆ ಹಿರಿಯರ ಸಮಾಧಾನಕ್ಕೆ ಕಾಯದೆ, ಮೊದಲು ಮಗುವಿನ ಕಿವಿಯನ್ನು ಪರೀಕ್ಷೆ ಮಾಡಿಸಿ, ಬಳಿಕ ಭಾಷಾಚಿಕಿತ್ಸಕರನ್ನು ಕಾಣಬೇಕು.